ಎರಡು ಕಡೆಯೂ ‘ದಿಗ್ಬಂಧನ’ ಎಂದೇ ಬರೆದಿದ್ದೆ: ಶೀತಲ ಸಮರದ ಪಾಠವನ್ನು ಕನ್ನಡಕ್ಕೆ ತರುವಾಗ ಕಲಿತದ್ದು

ಇತಿಹಾಸ ಮತ್ತು ರಾಜ್ಯಶಾಸ್ತ್ರದ ಪಠ್ಯಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವುದು ನನ್ನ ವೃತ್ತಿ. ಪದವಿ ತರಗತಿಗಳಿಗಾಗಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವಿನ ಪೈಪೋಟಿಯನ್ನು ಕುರಿತ ಒಂದು ದೀರ್ಘ ಅಧ್ಯಾಯವನ್ನು ಕೆಲವು ವರ್ಷಗಳ ಹಿಂದೆ ಅನುವಾದಿಸಿಕೊಟ್ಟೆ. ಪುಸ್ತಕ ಅಚ್ಚಾಯಿತು, ಕಾಲೇಜುಗಳಿಗೆ ಹೋಯಿತು, ಎರಡು ವರ್ಷ ಯಾರಿಂದಲೂ ಆಕ್ಷೇಪಣೆ ಬರಲಿಲ್ಲ. ಒಂದು ಸಂಜೆ ಉತ್ತರ ಕರ್ನಾಟಕದ ಉಪನ್ಯಾಸಕರೊಬ್ಬರು ಪ್ರಕಾಶಕರಿಂದ ನನ್ನ ನಂಬರು ಪಡೆದು ಕರೆ ಮಾಡಿದರು.

“ಮೇಡಂ, ಒಂದು ಡೌಟ್ ಐತ್ರಿ. 1948ರಾಗ ಸ್ಟಾಲಿನ್ ಬರ್ಲಿನ್‌ಗೆ ದಿಗ್ಬಂಧನ ಹಾಕಿದ, 1962ರಾಗ ಕೆನಡಿ ಕ್ಯೂಬಾಕ್ಕ ದಿಗ್ಬಂಧನ ಹಾಕಿದ ಅಂತ ಪುಸ್ತಕದಾಗ ಐತಿ. ಹಂಗಾದ್ರ ಇಬ್ಬರೂ ಮಾಡಿದ್ದು ಒಂದೇ ಅಲ್ಲೇನ್ರಿ ಅಂತ ಹುಡುಗರು ಕೇಳಾಕತ್ತಾರ.”

ಫೋನು ಇಟ್ಟು ಪುಸ್ತಕ ತೆಗೆದು ನೋಡಿದೆ. ಮೂಲದಲ್ಲಿ ಬರ್ಲಿನ್‌ಗೆ ‘ಬ್ಲಾಕೇಡ್’ ಎಂದೂ ಕ್ಯೂಬಾಕ್ಕೆ ‘ಕ್ವಾರಂಟೈನ್’ ಎಂದೂ ಇತ್ತು. ನಾನು ಎರಡಕ್ಕೂ ‘ದಿಗ್ಬಂಧನ’ ಎಂದೇ ಬರೆದಿದ್ದೆ. ಹಡಗುಗಳನ್ನು ಸಮುದ್ರದಲ್ಲಿ ತಡೆಯುವ ಕೆಲಸಕ್ಕೆ ಕನ್ನಡದಲ್ಲಿ ಸಲೀಸಾಗಿ ಒದಗುವ ಪದ ಅದೇ ಆಗಿತ್ತು, ಓದಲೂ ಗಂಭೀರವಾಗಿತ್ತು. ಆದರೆ ಅದೇ ಪುಟದಲ್ಲಿ, ನಾಲ್ಕು ಸಾಲು ಕೆಳಗೆ, 1962ರ ಅಕ್ಟೋಬರ್ 22ರಂದು ಅಮೆರಿಕದ ಅಧ್ಯಕ್ಷ ಕೆನಡಿ ದೂರದರ್ಶನದಲ್ಲಿ ಮಾಡಿದ ಭಾಷಣದ ಮಾತೊಂದನ್ನು ನಾನೇ ಕನ್ನಡಿಸಿದ್ದೆ: 1948ರ ಬರ್ಲಿನ್ ದಿಗ್ಬಂಧನದಲ್ಲಿ ಸೋವಿಯತ್ತರು ಮಾಡಲೆತ್ನಿಸಿದಂತೆ ಜನರ ಜೀವನಾವಶ್ಯಕ ವಸ್ತುಗಳನ್ನು ಅಮೆರಿಕ ಸದ್ಯಕ್ಕೆ ತಡೆಯುತ್ತಿಲ್ಲ ಎಂಬ ಮಾತು ಅದು. ಕೆನಡಿ ತಾನು ಮಾಡುತ್ತಿರುವುದು ಬರ್ಲಿನ್‌ನಲ್ಲಿ ಆದಂಥದ್ದಲ್ಲ ಎಂದು ಹೇಳುತ್ತಿದ್ದರೆ, ನನ್ನ ಕನ್ನಡ ಎರಡೂ ಒಂದೇ ಎಂದು ಹೇಳುತ್ತಿತ್ತು. ವಿದ್ಯಾರ್ಥಿಗಳು ಸರಿಯಾಗಿಯೇ ಓದಿದ್ದರು.

ಬರ್ಲಿನ್‌ನಲ್ಲಿ ನಡೆದದ್ದು ನಿಜಕ್ಕೂ ದಿಗ್ಬಂಧನವೇ. ಎರಡನೆಯ ಮಹಾಯುದ್ಧದ ನಂತರ ನಾಲ್ಕು ರಾಷ್ಟ್ರಗಳು ಹಂಚಿಕೊಂಡಿದ್ದ ಆ ನಗರ ಸೋವಿಯತ್ ವಲಯದ ನಡುವೆ, ಪಶ್ಚಿಮದ ಗಡಿಯಿಂದ ಸುಮಾರು 160 ಕಿಲೋಮೀಟರ್ ಒಳಗೆ ಇತ್ತು. ಪಶ್ಚಿಮ ವಲಯಗಳಲ್ಲಿ ಹೊಸ ಜರ್ಮನ್ ಮಾರ್ಕ್ ಚಲಾವಣೆಗೆ ಬಂದು, ಅದು ಪಶ್ಚಿಮ ಬರ್ಲಿನ್ನಿಗೂ ಕಾಲಿಡುತ್ತಿದ್ದಂತೆ, 1948ರ ಜೂನ್ 24ರಂದು ರಸ್ತೆ, ರೈಲು, ಕಾಲುವೆ ಮೂರನ್ನೂ ಮುಚ್ಚಲಾಯಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಹಿಟ್ಟು, ಹಾಲಿನ ಪುಡಿ, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲಿದ್ದಲು, ವಿಮಾನದಲ್ಲೇ ಬರಬೇಕಾಯಿತು. 1949ರ ಮೇ 12ರಂದು ದಾರಿಗಳು ತೆರೆದವು. ಮುನ್ನೆಚ್ಚರಿಕೆಯಾಗಿ ಇನ್ನೂ ಕೆಲವು ತಿಂಗಳು ಮುಂದುವರಿದ ಆ ಹಾರಾಟಗಳಲ್ಲಿ ಒಟ್ಟು ಸುಮಾರು 23 ಲಕ್ಷ ಟನ್ ಸರಕು ಸಾಗಿತ್ತು.

ಕ್ಯೂಬಾದ ಸಂಗತಿ ಬೇರೆ. ಅಕ್ಟೋಬರ್ 14ರಂದು ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ತೆಗೆದ ಚಿತ್ರಗಳಲ್ಲಿ ಸೋವಿಯತ್ ಕ್ಷಿಪಣಿ ನೆಲೆಗಳು ಕಂಡುಬಂದು, 16ರಂದು ಕೆನಡಿಯ ಮುಂದೆ ಆ ಚಿತ್ರಗಳು ಬಂದಾಗ, ಸಲಹೆಗಾರರಲ್ಲಿ ಹಲವರು ನೇರವಾಗಿ ಬಾಂಬು ಹಾಕಬೇಕೆಂದರು, ಉಳಿದವರು ಸಮುದ್ರದಲ್ಲೇ ತಡೆಯೋಣವೆಂದರು. ತಡೆಯುವ ನಿರ್ಧಾರವಾದ ಮೇಲೂ ಒಂದು ತೊಡಕು ಉಳಿಯಿತು: ಅಂತರರಾಷ್ಟ್ರೀಯ ಕಾನೂನಿನಲ್ಲಿ ನೌಕಾ ದಿಗ್ಬಂಧನವೆಂದರೆ ಯುದ್ಧದ ಕೃತ್ಯ. ಆದ್ದರಿಂದ ಸೋಂಕಿರಬಹುದಾದ ಹಡಗನ್ನು ಬಂದರಿನ ಹೊರಗೆ ನಿಲ್ಲಿಸಿ ಪರಿಶೀಲಿಸುವ ಹಳೆಯ ಪದ್ಧತಿಯ ‘ಕ್ವಾರಂಟೈನ್’ ಎಂಬ ಹೆಸರನ್ನು ತಂದು ಅದಕ್ಕಿಟ್ಟರು. 23ರಂದು ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯ ಒಪ್ಪಿಗೆ ಪಡೆದು, 24ರ ಬೆಳಿಗ್ಗೆ 10 ಗಂಟೆಗೆ ಅದನ್ನು ಜಾರಿಗೆ ತಂದರು. ಆಕ್ರಮಣಕಾರಿ ಶಸ್ತ್ರಗಳನ್ನು ಹೊತ್ತ ಹಡಗುಗಳಿಗೆ ಮಾತ್ರ ತಡೆ, ಉಳಿದವಕ್ಕೆ ದಾರಿ. 25ರಂದು ಬುಖಾರೆಸ್ಟ್ ಎಂಬ ಸೋವಿಯತ್ ತೈಲದ ಹಡಗನ್ನು ಹಾಗೆಯೇ ಹೋಗಗೊಟ್ಟರು. 26ರ ಬೆಳಿಗ್ಗೆ, ಸೋವಿಯತ್ ಸರಕಿಗಾಗಿ ಬಾಡಿಗೆಗೆ ಪಡೆದಿದ್ದ ಮರುಕ್ಲಾ ಎಂಬ ಲೆಬನಾನಿನ ಹಡಗನ್ನು ನಿಲ್ಲಿಸಿ, ನಾವಿಕರು ಹತ್ತಿ ನೋಡಿ, ಶಸ್ತ್ರಗಳಿಲ್ಲವೆಂದು ಬಿಟ್ಟರು. ಅದನ್ನು ತಡೆದ ಎರಡು ಯುದ್ಧನೌಕೆಗಳಲ್ಲಿ ಒಂದು, ಯುದ್ಧದಲ್ಲಿ ಮಡಿದ ಕೆನಡಿಯ ಅಣ್ಣನ ಹೆಸರನ್ನು ಹೊತ್ತಿತ್ತು.

ಈ ಪದವನ್ನು ಎದುರಾಳಿ ಒಪ್ಪಲಿಲ್ಲ. ನೀವು ಸಾರುತ್ತಿರುವುದು ಕ್ವಾರಂಟೈನ್ ಅಲ್ಲ, ನಮ್ಮ ಮುಂದೆ ಅಂತಿಮ ಎಚ್ಚರಿಕೆ ಇಡುತ್ತಿದ್ದೀರಿ ಎಂಬರ್ಥದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ 24ರಂದೇ ಉತ್ತರ ಬರೆದರು. ಅಂದರೆ ಆ ವಾರ ಎರಡು ಮಹಾಶಕ್ತಿಗಳು ಹಡಗುಗಳಿಂದ ಎದುರುಬದುರಾದಷ್ಟೇ ಈ ಒಂದು ಪದದ ಮೇಲೂ ಎದುರುಬದುರಾಗಿದ್ದವು. ಆ ಜಗಳವೇ ನನ್ನ ಅನುವಾದದಲ್ಲಿ ಇರಲಿಲ್ಲ. ಕೆನಡಿ ಸೌಮ್ಯ ಪದ ಬಳಸಿದ್ದರಿಂದ ಕೃತ್ಯ ಸೌಮ್ಯವಾಯಿತೆಂದು ನಾನು ತಿಳಿದಿಲ್ಲ. ಸಾರ್ವಭೌಮ ದೇಶವೊಂದಕ್ಕೆ ಹೋಗುವ ಹಡಗುಗಳನ್ನು ನಡುನೀರಿನಲ್ಲಿ ತಡೆದದ್ದು ಬಲಪ್ರಯೋಗವೇ. ಆದರೂ ಒಬ್ಬ ಅಧ್ಯಕ್ಷ ಯುದ್ಧವೆಂದು ಕರೆಯಲು ಹಿಂಜರಿದದ್ದು ಇನ್ನೊಬ್ಬರಿಗೆ ಹಿಂದೆ ಸರಿಯಲು ಕೊಂಚ ಜಾಗ ಉಳಿಸಿತು, ಆ ಜಾಗವನ್ನು ಓದುಗನಿಗೆ ಕಾಣಿಸುವುದು ಅನುವಾದಕಿಯ ಹೊಣೆ.

ಮರುಮುದ್ರಣದ ಕೆಲಸ ಬಂದಾಗ 2020ನೆಯ ವರ್ಷ. ‘ಕ್ವಾರಂಟೈನ್’ ಎಂಬ ಪದ ಅಷ್ಟರಲ್ಲಿ ಹಳ್ಳಿಯ ಆಶಾ ಕಾರ್ಯಕರ್ತೆಯರ ಬಾಯಲ್ಲೂ, ಮನೆ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲೂ ಬಂದುಬಿಟ್ಟಿತ್ತು. ಕ್ಯೂಬಾದ ಭಾಗದಲ್ಲಿ ಅದನ್ನೇ ಇಟ್ಟು, ದಿಗ್ಬಂಧನವೆಂದು ಕರೆದಿದ್ದರೆ ಯುದ್ಧ ಸಾರಿದಂತಾಗುತ್ತಿತ್ತೆಂಬ ವಿವರಣೆಯನ್ನೂ ಕ್ರುಶ್ಚೇವರ ಉತ್ತರವನ್ನೂ ಎರಡು ವಾಕ್ಯಗಳಲ್ಲಿ ಸೇರಿಸಿದೆ. ಹಾಗೆ ಕೂತವಳು ಇಡೀ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಮೊದಲಿನಿಂದ ಓದಿದೆ, ಏಕೆಂದರೆ ಒಂದು ಕಡೆ ಹೀಗಾಗಿದ್ದರೆ ಬೇರೆ ಕಡೆಯೂ ಆಗಿರಲೇಬೇಕಿತ್ತು.

ಆಗಿತ್ತು. 1947ರ ಜುಲೈನಲ್ಲಿ ‘ಎಕ್ಸ್’ ಎಂಬ ಗುಪ್ತನಾಮದಲ್ಲಿ ಬಂದ, ಅಮೆರಿಕದ ರಾಜತಾಂತ್ರಿಕ ಜಾರ್ಜ್ ಕೆನನ್ ಅವರ ಲೇಖನದ ಮುಖ್ಯ ಪದ ‘ಕಂಟೇನ್‌ಮೆಂಟ್’ ಎಂಬುದನ್ನು ನಾನು ‘ನಿಗ್ರಹ ನೀತಿ’ ಎಂದು ಮಾಡಿದ್ದೆ. ಇಂದ್ರಿಯನಿಗ್ರಹ, ದುಷ್ಟನಿಗ್ರಹ ಎಂದು ಬಳಸಿ ಬೆಳೆದ ನಮಗೆ ನಿಗ್ರಹವೆಂದರೆ ಸೋಲಿಸಿ ಅಡಗಿಸುವುದು. ಕೆನನ್ ಹೇಳಿದ್ದು, ಸೋವಿಯತ್ ಪ್ರಭಾವ ಇದ್ದಲ್ಲಿಂದ ಮುಂದಕ್ಕೆ ಹರಡದಂತೆ ದೀರ್ಘಕಾಲ ತಾಳ್ಮೆಯಿಂದಲೂ ದೃಢವಾಗಿಯೂ ತಡೆಯುತ್ತಿರಬೇಕು ಎಂದು. ತಮ್ಮ ಮಾತನ್ನು ಬರೀ ಸೈನಿಕ ಅರ್ಥದಲ್ಲಿ ತೆಗೆದುಕೊಂಡರೆಂದು ಅವರು ಮುಂದೆ ಬಹಳ ನೊಂದುಕೊಂಡರು. ಅವರ ದೇಶದಲ್ಲೇ ತಪ್ಪಾಗಿ ಓದಿದ ಪದವನ್ನು ನಾನು ಇನ್ನಷ್ಟು ಆ ಕಡೆಗೇ ತಳ್ಳಿದ್ದೆ. ಈಗ ಅದು ‘ಹರಡದಂತೆ ತಡೆಯುವ ನೀತಿ’. ಉದ್ದವಾಯಿತು, ಆದರೆ ಇರಲಿ.

ಕ್ರುಶ್ಚೇವರ ಮಾತುಗಳಲ್ಲಿ ಇನ್ನೂ ಹೆಚ್ಚು ಎಡವಿದ್ದೆ. 1956ರ ನವೆಂಬರ್ 18ರಂದು ಮಾಸ್ಕೋದ ಪೋಲೆಂಡ್ ರಾಯಭಾರ ಕಚೇರಿಯಲ್ಲಿ ನಡೆದ ಔತಣಕೂಟದಲ್ಲಿ ಅವರು ಪಾಶ್ಚಾತ್ಯ ರಾಯಭಾರಿಗಳ ಎದುರು ಆಡಿದ ಮಾತು ‘ನಿಮ್ಮನ್ನು ಹೂತುಹಾಕುತ್ತೇವೆ’ ಎಂದೇ ಜಗತ್ತಿಗೆ ಮುಟ್ಟಿತು. ದುಭಾಷಿ ವಿಕ್ಟರ್ ಸುಖೊದ್ರೆವ್ ಪದಕ್ಕೆ ಪದ ಸರಿಯಾಗಿಯೇ ಹೇಳಿದ್ದರು. ಆದರೆ ಬಂಡವಾಳಶಾಹಿ ವರ್ಗ ತನ್ನ ಗೋರಿ ತೋಡುವವರನ್ನು ತಾನೇ ಹುಟ್ಟಿಸುತ್ತದೆ ಎಂಬ 1848ರ ಕಮ್ಯುನಿಸ್ಟ್ ಪ್ರಣಾಳಿಕೆಯ ಮಾತು ರಕ್ತದಲ್ಲೇ ಬೆರೆತಿದ್ದವರಿಗೆ, ಅದು ಇತಿಹಾಸ ನಮ್ಮ ಕಡೆಗಿದೆ, ನಿಮ್ಮ ಉತ್ತರಕ್ರಿಯೆಗೂ ನಾವು ಉಳಿದಿರುತ್ತೇವೆ ಎಂಬಂತೆ ಕೇಳಿಸುವ ಮಾತು. 1963ರಲ್ಲಿ ಯುಗೊಸ್ಲಾವಿಯಾದಲ್ಲಿ ಕ್ರುಶ್ಚೇವರೇ, ನಿಮ್ಮನ್ನು ಹೂಳುವುದು ನಿಮ್ಮದೇ ಕಾರ್ಮಿಕ ವರ್ಗ ಎಂದು ವಿವರಿಸಬೇಕಾಯಿತು. ಮಾತಿನಲ್ಲಿ ದರ್ಪವಿದ್ದದ್ದು ನಿಜ, ಅದನ್ನು ಅಳಿಸಬಾರದು. ಆದರೆ ನನ್ನ ಮೊದಲ ಅನುವಾದದ ‘ಹೂತುಹಾಕುತ್ತೇವೆ’ ಎಂಬಲ್ಲಿ ಕೊಲೆ ಬೆದರಿಕೆಯಷ್ಟೇ ಉಳಿದಿತ್ತು.

ಇದಕ್ಕೆ ವಿರುದ್ಧವಾದದ್ದು 1959ರ ಜುಲೈ 24ರ ಪ್ರಸಂಗ. ಮಾಸ್ಕೋದ ಸೊಕೊಲ್ನಿಕಿ ಉದ್ಯಾನದಲ್ಲಿ ಏರ್ಪಟ್ಟಿದ್ದ ಅಮೆರಿಕದ ಪ್ರದರ್ಶನದಲ್ಲಿ, ಮಾದರಿ ಮನೆಯೊಂದರ ಅಡುಗೆಮನೆಯಲ್ಲಿ, ಉಪಾಧ್ಯಕ್ಷ ನಿಕ್ಸನ್ ಬಟ್ಟೆ ಒಗೆಯುವ ಯಂತ್ರವನ್ನು ಕ್ರುಶ್ಚೇವರಿಗೆ ತೋರಿಸುತ್ತಾ ನಿಂತಿದ್ದಾಗ ಇಬ್ಬರಿಗೂ ವಾದ ಹತ್ತಿತು. ಯಾವ ವ್ಯವಸ್ಥೆ ದುಡಿಯುವವರ ಮನೆಗೆ ಸುಖ ತರುತ್ತದೆ ಎಂಬುದೇ ಅಲ್ಲಿನ ಪ್ರಶ್ನೆ. ಆಗ ಕ್ರುಶ್ಚೇವ್ ಆಡಿದ ನುಡಿಗಟ್ಟಿನ ಅಕ್ಷರಾರ್ಥ ‘ನಿಮಗೆ ಕುಜ್ಮಾನ ತಾಯಿಯನ್ನು ತೋರಿಸುತ್ತೇವೆ’ ಎಂದು. ದುಭಾಷಿಗಳು ತಬ್ಬಿಬ್ಬಾದರು. ಕನ್ನಡದಲ್ಲಿ ‘ನಿಮ್ಮ ಗ್ರಹಚಾರ ಬಿಡಿಸುತ್ತೇವೆ’ ಎಂದರೆ ಆ ಮಾತಿನ ಬಿಸಿಯೂ ಹಳ್ಳಿಯ ವಾಸನೆಯೂ ಒಟ್ಟಿಗೇ ಬರುತ್ತವೆ. ಪರಿಶೀಲಕರು ಪಠ್ಯಕ್ಕೆ ಇದು ಒಗ್ಗದೆಂದರು. ರೈತ ಕುಟುಂಬದಿಂದ ಬಂದ ಕ್ರುಶ್ಚೇವ್ ಆಡಿದ್ದು ಇಂಥದೇ ಮಾತು ಎಂದು ವಾದಿಸಿ ಉಳಿಸಿಕೊಂಡೆ.

‘ಅಲಿಪ್ತ ನೀತಿ’ಯನ್ನು ಮಾತ್ರ ಬದಲಿಸಲಾಗಲಿಲ್ಲ, ಅದು ಆಗಲೇ ಬೇರೂರಿದೆ. ಆದರೆ ಅಲಿಪ್ತವೆಂದರೆ ತಾವರೆ ಎಲೆಯ ಮೇಲಿನ ನೀರಿನಂತೆ ಯಾವುದಕ್ಕೂ ಅಂಟದಿರುವುದು. ಭಾರತ ಹಾಗೆ ದೂರ ಉಳಿದಿರಲಿಲ್ಲ. ಕೊರಿಯಾ ಯುದ್ಧ 1953ರಲ್ಲಿ ನಿಂತಾಗ, ತಮ್ಮ ದೇಶಕ್ಕೆ ಮರಳಲೊಲ್ಲದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಏನು ಮಾಡಬೇಕೆಂಬುದು ಎರಡೂ ಬಣಗಳ ಪ್ರತಿಷ್ಠೆಯ ಪ್ರಶ್ನೆಯಾಗಿತ್ತು, ಏಕೆಂದರೆ ಮರಳದ ಪ್ರತಿ ಕೈದಿಯೂ ಒಂದು ವ್ಯವಸ್ಥೆಯ ವಿರುದ್ಧದ ಸಾಕ್ಷಿ. ಅವರನ್ನು ನೋಡಿಕೊಳ್ಳಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಎರಡೂ ಕಡೆಯ ಬೈಗುಳ ಕೇಳುತ್ತಾ ನಡುವೆ ನಿಂತು ಮಾಡಿದ ಆ ಕೆಲಸವನ್ನು ‘ಅಲಿಪ್ತ’ ಎಂಬ ಪದದ ಪಕ್ಕದಲ್ಲೇ ಒಂದು ಪ್ಯಾರಾದಲ್ಲಿ ಸೇರಿಸಲು ಮೂಲ ಲೇಖಕರ ಅನುಮತಿ ಕೇಳಿದೆ, ಕೊಟ್ಟರು.

ಅಲ್ಲಿಂದ ಈಚೆಗೆ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಇಂಥ ಪದ ಎದುರಾದಾಗ ಅದನ್ನು ಆಡಿದವರು ಯಾರು, ಯಾವ ಭಾಷೆಯಲ್ಲಿ, ಯಾರ ಎದುರು, ಎದುರಾಳಿ ಅದನ್ನು ಏನೆಂದು ಕರೆದ ಎಂದು ಬರೆದ ನಂತರವೇ ಕನ್ನಡ ಪದ ಹುಡುಕುತ್ತೇನೆ. ನಾಲ್ಕನೆಯ ಕಲಮೇ ಹೆಚ್ಚು ಕಲಿಸಿದೆ. ನಾವು ‘ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು’ ಎನ್ನುವುದನ್ನು ರಷ್ಯನ್ನರು ‘ಕೆರಿಬಿಯನ್ ಬಿಕ್ಕಟ್ಟು’ ಎನ್ನುತ್ತಾರೆ, ಕ್ಯೂಬನ್ನರಿಗೆ ಅದು ‘ಅಕ್ಟೋಬರ್ ಬಿಕ್ಕಟ್ಟು’. ಕ್ಷಿಪಣಿಯನ್ನು ಹೆಸರಿನಲ್ಲಿಟ್ಟರೆ ತಪ್ಪು ಕ್ಷಿಪಣಿ ತಂದವರದು. ಟರ್ಕಿಯಲ್ಲಿ ಅದಕ್ಕೂ ಮೊದಲೇ ಅಮೆರಿಕದ ಜುಪಿಟರ್ ಕ್ಷಿಪಣಿಗಳಿದ್ದವು, ಅವುಗಳನ್ನು ತೆಗೆಯುವುದಾಗಿ ಅಕ್ಟೋಬರ್ 27ರ ರಾತ್ರಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ದೊಬ್ರಿನಿನ್‌ಗೆ ಗುಟ್ಟಾಗಿ ಮಾತು ಕೊಟ್ಟರು ಎಂಬುದು ಆ ಹೆಸರಿನ ಹಿಂದೆ ಮರೆಯಾಗುತ್ತದೆ. 1961ರ ಆಗಸ್ಟ್ 13ರಂದು ಎದ್ದ ಬರ್ಲಿನ್ ಗೋಡೆಯನ್ನು, ಅದನ್ನು ಕಟ್ಟಿದ ಪೂರ್ವ ಜರ್ಮನಿಯವರು ‘ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಗೋಡೆ’ ಎಂದು ಕರೆದರು. ಅದು ತಡೆದದ್ದು ತಮ್ಮದೇ ಜನರನ್ನು ಎಂಬುದು ಈ ಹೆಸರಿನಿಂದಲೇ ಇನ್ನಷ್ಟು ಚುಚ್ಚಿ ಕಾಣುತ್ತದೆ.

ಮರುಮುದ್ರಣಕ್ಕೆ ಕೊನೆಯದಾಗಿ ತಿದ್ದಿದ ಭಾಗ ಹಾಟ್‌ಲೈನ್, ಅಂದರೆ ವಾಷಿಂಗ್ಟನ್ ಮತ್ತು ಮಾಸ್ಕೋ ನಡುವಿನ ನೇರ ಸಂಪರ್ಕ, ಕುರಿತದ್ದು. ಅಕ್ಟೋಬರ್ 26ರ ಕ್ರುಶ್ಚೇವರ ದೀರ್ಘ ಪತ್ರ, ಯುದ್ಧವೆಂಬ ಗಂಟು ಬಿದ್ದ ಹಗ್ಗದ ಎರಡು ತುದಿಗಳನ್ನು ನಾವಿಬ್ಬರೂ ಜಗ್ಗುವುದು ಬೇಡ ಎಂದು ಬೇಡಿಕೊಂಡ ಪತ್ರ, ಅನುವಾದವಾಗಿ ವಾಷಿಂಗ್ಟನ್ನಿನ ಕೈ ಸೇರಲು ಹಲವು ಗಂಟೆಗಳೇ ಹಿಡಿದಿದ್ದವು. ಅದರಿಂದ ಎಚ್ಚೆತ್ತು 1963ರ ಜೂನ್ 20ರಂದು ಜಿನೀವಾದಲ್ಲಿ ಒಪ್ಪಂದವಾಗಿ, ಆಗಸ್ಟ್ 30ರಂದು ನೇರ ಸಂಪರ್ಕ ಚಾಲೂ ಆಯಿತು. ನನ್ನ ಮೊದಲ ಆವೃತ್ತಿಯಲ್ಲಿ ಅದು ‘ನೇರ ದೂರವಾಣಿ’ ಎಂದಿತ್ತು. ಅಲ್ಲಿ ದೂರವಾಣಿ ಇರಲೇ ಇಲ್ಲ. ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿಗಳ ಮೂಲಕ ಹಾದುಹೋದ ತಂತಿಯ ಎರಡು ತುದಿಗಳಲ್ಲಿ ಟೆಲಿಪ್ರಿಂಟರ್ ಯಂತ್ರಗಳಿದ್ದವು. ಧ್ವನಿಯಲ್ಲಿ ಆಡಿದ ಮಾತನ್ನು ಅವಸರದಲ್ಲಿ ತಪ್ಪಾಗಿ ತಿಳಿಯಬಹುದೆಂದು ಬರಹವನ್ನೇ ಆರಿಸಿಕೊಂಡಿದ್ದರು. ಅಮೆರಿಕ ಇಂಗ್ಲಿಷಿನಲ್ಲಿ ಕಳಿಸುತ್ತಿತ್ತು, ಸೋವಿಯತ್ ಒಕ್ಕೂಟ ರಷ್ಯನ್‌ನಲ್ಲಿ. ಬಂದದ್ದನ್ನು ಅನುವಾದಿಸಿಕೊಳ್ಳುವುದು ಪಡೆದವರ ಕೆಲಸವಾಗಿತ್ತು. ‘ದೂರವಾಣಿ’ಯನ್ನು ಹೊಡೆದುಹಾಕಿ, ಆ ಕೊನೆಯ ವಾಕ್ಯವನ್ನು ಸೇರಿಸಿ, ಕರಡನ್ನು ಅಚ್ಚಿಗೆ ಕಳಿಸುವ ಮೊದಲು ಅದರ ಒಂದು ಪ್ರತಿಯನ್ನು ಆ ಉಪನ್ಯಾಸಕರಿಗೂ ಅಂಚೆಯಲ್ಲಿ ಕಳಿಸಿದೆ.