ಬುಟ್ಟಿಯ ತಳದಲ್ಲಿದ್ದ ಬಸ್ಸು

17 ನವೆಂಬರ್ 2024, ಭಾನುವಾರ

ಬೆಳಿಗ್ಗೆ ಆಟಿಕೆಗಳ ದೊಡ್ಡ ಬುಟ್ಟಿಯನ್ನು ನಡುಮನೆಯಲ್ಲಿ ಸುರಿದೆ. ಮಕ್ಕಳು ಎದ್ದಿರುವಾಗಲೇ, ಅವರ ಕಣ್ಣೆದುರೇ. ಹೋದ ವರ್ಷ ಅವರು ಮಲಗಿದ ಮೇಲೆ ಈ ಕೆಲಸಕ್ಕೆ ಕೈ ಹಾಕಿ, ಕಿವಿ ಹರಿದ ಬಟ್ಟೆಯ ಮೊಲವೊಂದನ್ನು ಕಸಕ್ಕೆ ಹಾಕಿಬಿಟ್ಟಿದ್ದೆ. ಮಗಳು ಮೂರು ದಿನ ಮಂಚದ ಕೆಳಗೆ, ಬೀರುವಿನ ಹಿಂದೆ ಅದನ್ನು ಹುಡುಕಿದಳು. ನಿಜ ಹೇಳುವ ಧೈರ್ಯ ಬರುವವರೆಗೆ ನಾನೂ ಅವಳ ಜೊತೆ ಹುಡುಕಿದೆ. ಆ ಮೂರು ದಿನ ಇನ್ನೂ ಚುಚ್ಚುತ್ತದೆ.

ಹಾಗಾಗಿ ಈ ಸಲ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎನ್ನುವುದು ಅವಳ ತೀರ್ಮಾನ. ಅಪಾಯದ ವಸ್ತುಗಳ ವಿಷಯದಲ್ಲಿ ಮಾತ್ರ ನನ್ನ ಮಾತೇ ಕೊನೆ. ಚಿಕ್ಕವನಿಗೆ ಇನ್ನೂ ಎರಡು ವರ್ಷ, ಸಿಕ್ಕಿದ್ದೆಲ್ಲ ಬಾಯಿಗೆ. ಹಾಡುವ ಗೊಂಬೆಯೊಂದರ ಬೆನ್ನಿನ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ. ಉಗುರಿನಿಂದ ಎಬ್ಬಿಸಿದರೆ ಬಟನ್ ಬ್ಯಾಟರಿ ಅಂಗೈಗೆ ಬಿತ್ತು. ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಇಷ್ಟು ದಿನ ಅದು ಅವನ ಕೈಗೆಟುಕುವಂತೆ ಬಿದ್ದಿತ್ತಲ್ಲ ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಪುಟ್ಟ ಅಯಸ್ಕಾಂತದ ಗುಂಡುಗಳನ್ನೂ ಅದರ ಜೊತೆಗೇ ಎತ್ತಿಟ್ಟೆ. ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಗೋಡೆಯನ್ನು ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಎಳೆಯುತ್ತವೆ. ಸ್ನಾನದ ರಬ್ಬರ್ ಬಾತುಕೋಳಿಯನ್ನು ಹಿಂಡಿದಾಗ ಕಪ್ಪು ಬೂಷ್ಟು ಹೊರಬಂತು, ಅದೂ ಹೋಯಿತು.

ಬುಟ್ಟಿಯ ತಳದಲ್ಲಿ ಮಗಳ ಹಳದಿ ಬಸ್ಸು ಸಿಕ್ಕಿತು. ಎರಡು ವರ್ಷದಿಂದ ಯಾರೂ ಮುಟ್ಟದ ಬಸ್ಸು. ಬ್ಯಾಟರಿ ಸೋರಿ ತಂತಿಯ ಸುರುಳಿಯ ಮೇಲೆ ಬಿಳಿ ಪುಡಿ ಹೆಪ್ಪುಗಟ್ಟಿತ್ತು. ಕೆಟ್ಟುಹೋಗಿದೆ ಎಂದುಕೊಂಡೆ. ಆದರೆ ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಕ್ಷಾರ, ಹುಳಿಗೆ ಅದು ಬಗ್ಗುತ್ತದೆ. ಕೈಗವಸು ಹಾಕಿಕೊಂಡು, ಹತ್ತಿಯ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಸುರುಳಿಯ ಒಂದೊಂದು ಸುತ್ತನ್ನೂ ಉಜ್ಜಿದೆ. ಸಣ್ಣಗೆ ನೊರೆ ಎದ್ದು ಪುಡಿ ಕರಗಿತು, ಕೆಳಗಿನ ಲೋಹ ಮತ್ತೆ ಹೊಳೆಯಿತು. ಒರೆಸಿ, ಪೂರ್ತಿ ಒಣಗಿಸಿ, ಹೊಸ ಬ್ಯಾಟರಿ ಹಾಕಿ ಮುಚ್ಚಳದ ಸ್ಕ್ರೂ ಬಿಗಿದಾಗ ಮುಂದಿನ ದೀಪ ಹತ್ತಿತು. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಐವತ್ತು ತುಂಡುಗಳ ಜಿಗ್ಸಾ ಒಗಟಿನಲ್ಲಿ ಒಂದು ತುಂಡು ಇರಲಿಲ್ಲ. ನಾನಾಗಿದ್ದರೆ ಎಸೆಯುತ್ತಿದ್ದೆ. ಅವಳು ಖಾಲಿ ಜಾಗದ ಕೆಳಗೆ ರಟ್ಟು ಇಟ್ಟು, ಅಂಚು ಗೀಚಿ, ಕತ್ತರಿಸಿ, ಆಕಾಶದ ಬಣ್ಣ ತುಂಬಿದಳು. ಸ್ವಲ್ಪ ಎದ್ದು ಕಾಣುತ್ತದೆ, ಕಾಣಲಿ.

ಉಳಿದವುಗಳಲ್ಲಿ ಹೆಚ್ಚಿನವು ಪೆಟ್ಟಿಗೆ ಸೇರಿ ಅಟ್ಟ ಹತ್ತಿದವು. 2018ರಲ್ಲಿ ಪ್ರಕಟವಾದ, ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಅಧ್ಯಯನವೊಂದು ಬಹಳ ದಿನದಿಂದ ತಲೆಯಲ್ಲಿತ್ತು. 36 ಪುಟ್ಟ ಮಕ್ಕಳನ್ನು ಒಮ್ಮೆ 16 ಆಟಿಕೆಗಳ ನಡುವೆ, ಒಮ್ಮೆ 4 ಆಟಿಕೆಗಳ ನಡುವೆ ಆಡಲು ಬಿಟ್ಟಿದ್ದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರಲ್ಲೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ನಮ್ಮ ಬುಟ್ಟಿಯಲ್ಲಿ ನೂರಕ್ಕೂ ಮೇಲಿದ್ದವು! ಈಗ ತಗ್ಗಿನ ಕಪಾಟಿನಲ್ಲಿ ಎಂಟು ಮಾತ್ರ ಇವೆ. ತಮ್ಮನಿಗೆ ಓದಲು ಬರುವುದಿಲ್ಲವೆಂದು ಅವಳು ಪ್ರತಿ ಡಬ್ಬಿಗೂ ಚಿತ್ರ ಬರೆದು ಅಂಟಿಸಿದಳು. ಅಟ್ಟದ ಪೆಟ್ಟಿಗೆಯ ಮೇಲೆ ನಾನು ‘ಡಿಸೆಂಬರ್ 15’ ಎಂದು ಬರೆದಿದ್ದೇನೆ. ಅಂದು ಇವು ಮೇಲೆ, ಅವು ಕೆಳಗೆ.

“ಬಸ್ಸನ್ನು ತಮ್ಮನಿಗೆ ಕೊಡುತ್ತೀಯಾ?” ಎಂದು ಕೇಳಿದೆ.

“ಕೊಡುವುದಿಲ್ಲ ಅಮ್ಮ, ಆಡಲು ಬಿಡುತ್ತೇನೆ” ಎಂದಳು.

ರಾತ್ರಿ ಹತ್ತಾಗಿದೆ. ಕಪಾಟಿನಲ್ಲಿ ಬಸ್ಸಿನ ಜಾಗ ಖಾಲಿಯಿದೆ. ಅವನು ಅದನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗಿದ್ದಾನೆ, ಅವಳು ಏನೂ ಅನ್ನಲಿಲ್ಲ.