ಎರಡು ಗೆರೆ ಸಾಕು

ಬದಿಯಡ್ಕ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ನನ್ನದು ಕೌಂಟರ್ ಕೆಲಸ. ಸಬ್ಸಿಡಿ, ಸಾಲ, ಯಾವ ಅರ್ಜಿಗೂ ಜನ ಕ್ಯಾನ್ಸಲ್ ಮಾಡಿದ ಚೆಕ್ ಒಂದನ್ನು ತರುತ್ತಾರೆ. ಕೆಲವರದ್ದು ನೋಡಿದರೆ ಪಾಪ ಅನಿಸುತ್ತದೆ. ಯಾರಾದರೂ ದುಡ್ಡು ತೆಗೆದಾರು ಎಂಬ ಹೆದರಿಕೆಗೆ ಖಾತೆ ನಂಬರನ್ನೇ ಗೀಚಿ ಕಪ್ಪು ಮಾಡಿರುತ್ತಾರೆ. ಆ ಚೆಕ್ ಕೇಳುವುದೇ ಖಾತೆ ನಂಬರಿಗೆ, ಶಾಖೆಯ ಗುರುತಾದ 11 ಅಕ್ಷರದ ಐಎಫ್‌ಎಸ್‌ಸಿಗೆ ಅಲ್ವಾ? "ಅಣ್ಣಾ, ಎರಡು ಗೆರೆ ಎಳೆದು ನಡುವೆ ಕ್ಯಾನ್ಸಲ್ಡ್ ಅಂತ ಬರೆಯಿರಿ, ಸಾಕು. ಸಹಿ ಬೇಡ" ಎಂದು ಇನ್ನೊಂದು ಹಾಳೆ ಕೇಳುತ್ತೇನೆ.

ಕ್ಯಾನ್ಸಲ್ ಎಂಬ ಪದದ ಹುಟ್ಟು ಗೊತ್ತಾದ ಮೇಲೆ ಇದನ್ನು ವಿವರಿಸುವುದು ಸುಲಭವಾಗಿದೆ. ಲ್ಯಾಟಿನ್‌ನಲ್ಲಿ ಕಾಂಕೆಲ್ಲಿ ಎಂದರೆ ಜಾಳಂದ್ರ, ಅಡ್ಡಕ್ಕೂ ಉದ್ದಕ್ಕೂ ಪಟ್ಟಿ ಹೊಡೆದ ತಡಿಕೆ. ಬರೆದದ್ದರ ಮೇಲೆ ಆ ತರ ಗೆರೆ ಎಳೆಯುವುದು ಕಾಂಕೆಲ್ಲಾರೆ. ವೀಲುನಾಮೆ ಬರೆದವನೇ ಅದರ ಮೇಲೆ ಹೀಗೆ ಗೆರೆ ಎಳೆದಿದ್ದರೆ ಏನು ಮಾಡಬೇಕು ಎಂಬ ಚರ್ಚೆ ರೋಮನ್ ಕಾನೂನಿನಲ್ಲೇ ಇದೆ. ಫ್ರೆಂಚ್ ದಾಟಿ ಆ ಪದ ಕ್ಯಾನ್ಸಲ್ ಆಗಿ ಇಂಗ್ಲಿಷಿಗೆ ಬಂತು. ಜಾಳಂದ್ರದ ಆಚೆಗಿನದು ಕಾಣುತ್ತದೆ, ದಾಟಿ ಹೋಗಲಿಕ್ಕೆ ಮಾತ್ರ ಆಗುವುದಿಲ್ಲ. ಕ್ಯಾನ್ಸಲ್ ಮಾಡಿದ ಚೆಕ್ಕೂ ಅಷ್ಟೇ: ಓದಬಹುದು, ದುಡ್ಡು ತೆಗೆಯಲಾಗದು.

ಕೋರ್ಟಿನ ತಡಿಕೆಯ ಬಳಿ ನಿಲ್ಲುತ್ತಿದ್ದ ನೌಕರನ ಹೆಸರಿನಿಂದಲೇ ಚಾನ್ಸಲರ್ ಎಂಬ ದೊಡ್ಡ ಹುದ್ದೆಯ ಹೆಸರೂ ಬಂದದ್ದು. ಬಾಗಿಲ ಬಳಿಯ ಕೆಲಸ ಎಲ್ಲಿಗೆ ಏರಿತು ನೋಡಿ! ನಮ್ಮ ಕಾಸರಗೋಡಿನಲ್ಲಿ ಕನ್ನಡದವರೂ ಮಲಯಾಳದವರೂ ಹೇಳುವ 'ರದ್ದು' ಅರಬಿ ಮೂಲದ್ದು. ಅದರಲ್ಲಿ ಗೆರೆಯ ಸುದ್ದಿಯೇ ಇಲ್ಲ.

ಹೊಸದಾಗಿ ಸೇರಿದವರಿಗೆ ವೋಚರ್ ಕೆಲಸವನ್ನೂ ಹೀಗೇ ಹೇಳಿಕೊಡುತ್ತೇನೆ. ಮೊತ್ತ ತಪ್ಪಿದರೆ ಅದರ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಒಂದು ಚಿಕ್ಕ ಸಹಿ. ವೈಟ್ನರ್ ಮುಟ್ಟಲೇಬಾರದು. ತಪ್ಪು ಕಂಡರೆ ಆಡಿಟರ್ ಕೇಳುವುದು ಒಂದು ಪ್ರಶ್ನೆ, ಬಿಳಿ ಬಳಿದದ್ದು ಕಂಡರೆ ಹತ್ತು. ರಸೀದಿ ಪುಸ್ತಕದ ಹಾಳೆ ಕೆಟ್ಟರೂ ಹರಿಯಬೇಡಿ. ಗೆರೆ ಎಳೆದು ಪುಸ್ತಕದಲ್ಲೇ ಇಡಿ.

ಜಾಸ್ತಿ ಜನ ಎಡವುವುದು ರೆವಿನ್ಯೂ ಸ್ಟಾಂಪಿನಲ್ಲಿ. 5,000 ರೂಪಾಯಿ ಮೀರಿದ ರಸೀದಿಗೆ 1 ರೂಪಾಯಿಯ ಸ್ಟಾಂಪ್ ಬೇಕು. ಅದನ್ನು ಅಂಟಿಸಿ, ಹಾಳಾಗದಿರಲಿ ಎಂದು ಸಹಿಯನ್ನು ಪಕ್ಕದಲ್ಲಿ ಹಾಕುತ್ತಾರೆ. ಹಾಳಾಗಲೇಬೇಕು! ಮತ್ತೆ ಬಳಸಲು ಬಾರದಂತೆ ಕ್ಯಾನ್ಸಲ್ ಮಾಡದಿದ್ದರೆ, 1899ರ ಸ್ಟಾಂಪ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಸ್ಟಾಂಪ್ ಹಚ್ಚಿದ್ದೂ ಒಂದೇ, ಹಚ್ಚದಿದ್ದದ್ದೂ ಒಂದೇ. ಹಾಗಾಗಿ ಸಹಿ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಬರಲಿ. ತಾರೀಕನ್ನೂ ಹಾಕಿ.