ಸಿಟಿ ಆಫ್ ರಾಕ್ಸ್, ಎರಡನೆಯ ದಿನ: ಕೇಸರಿಯ ಕರುಳಿನ ಸದ್ದು

ಜೂನ್ ತಿಂಗಳ ಈ ಮೂರು ದಿನಗಳ ದೂರಸವಾರಿಗಾಗಿ ನಾನೂ ನನ್ನ ಅರಬ್ಬಿ ಹೆಣ್ಣು ಕುದುರೆ ಕೇಸರಿಯೂ ಹದಿನಾಲ್ಕು ತಿಂಗಳಿಂದ ಸಿದ್ಧರಾಗುತ್ತಿದ್ದೆವು. ಮೊದಲ ದಿನದ ವರದಿ ಚಿಕ್ಕದು: 80 ಕಿ.ಮೀ. ದಾರಿ, ಒಳ್ಳೆಯ ಹವೆ, ನಮ್ಮ ಅಳವಿಗೆ ಮೀರಿದ ವೇಗ. ಆ ವೇಗದ ಬೆಲೆಯನ್ನು ಮರುದಿನ ತೆತ್ತದ್ದರಿಂದ ಇಲ್ಲಿ ಎರಡನೆಯ ದಿನವನ್ನಷ್ಟೇ ವಿವರವಾಗಿ ಬರೆದಿಡುತ್ತಿದ್ದೇನೆ.

ಅಮೆರಿಕದಲ್ಲಿ ಇಂಥ ಸವಾರಿಗಳ ನಿಯಮಗಳನ್ನು ರೂಪಿಸುವುದು 1972ರಲ್ಲಿ ಹುಟ್ಟಿದ ಎಇಆರ್‌ಸಿ ಎಂಬ ಸಂಸ್ಥೆ. ಪ್ರತಿದಿನದ 50 ಮೈಲಿಯೂ (ಸುಮಾರು 80 ಕಿ.ಮೀ.) ಬೇರೆಯೇ ಸವಾರಿಯೆಂದು ಲೆಕ್ಕ; ಕಡ್ಡಾಯ ವಿಶ್ರಾಂತಿಯೂ ಸೇರಿ ಹನ್ನೆರಡು ಗಂಟೆಯೊಳಗೆ ಮುಗಿಸಬೇಕು, ಮುಗಿಸಿದ ಮೇಲೂ ಕುದುರೆ ಇನ್ನೂ ಮುಂದೆ ಸಾಗಲು ಯೋಗ್ಯವಾಗಿದೆಯೆಂದು ಪಶುವೈದ್ಯರು ಒಪ್ಪಬೇಕು. ಮೂರೂ ದಿನ ಒಂದೇ ಕುದುರೆಯ ಮೇಲೆ ಮುಗಿಸಬೇಕೆಂಬುದು ನನ್ನ ಆಸೆಯಾಗಿತ್ತು.

ಸ್ಥಳ ದಕ್ಷಿಣ ಐಡಹೋದ ಆಲ್ಮೋ ಎಂಬ ಪುಟ್ಟ ಊರಿನ ಪಕ್ಕದ ಸಿಟಿ ಆಫ್ ರಾಕ್ಸ್. ರಾಮನಗರದ ಬಂಡೆಗಳನ್ನು ನೋಡುತ್ತ ಬೆಳೆದ ನನಗೆ ಗ್ರಾನೈಟ್ ಗುಡ್ಡಗಳು ಹೊಸವಲ್ಲವಾದರೂ, ಬುಡದಲ್ಲಿ ಬೂದುಬಣ್ಣದ ಸೇಜ್‌ಬ್ರಷ್ ಪೊದೆ, ಮೇಲೆ ಪಿನಿಯನ್ ಪೈನ್ ಮರಗಳಿರುವ ಈ ನೋಟಕ್ಕೆ ಮನಸ್ಸು ಒಗ್ಗಲು ಸ್ವಲ್ಪ ಹೊತ್ತು ಹಿಡಿಯಿತು. ಸಮುದ್ರಮಟ್ಟದಿಂದ 1,600 ಮೀಟರಿಗೂ ಎತ್ತರದಲ್ಲಿರುವ ಈ ಪ್ರದೇಶದಲ್ಲಿ ಜೂನ್‌ನಲ್ಲೂ ರಾತ್ರಿಗಳು ತಣ್ಣಗಿರುತ್ತವೆ.

ಬೆಳಗ್ಗೆ ಐದಕ್ಕೆ ನೋಡಿದಾಗ ಕೇಸರಿ ರಾತ್ರಿ ಇಟ್ಟ ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ ಅರ್ಧವನ್ನು ಹಾಗೆಯೇ ಬಿಟ್ಟಿದ್ದಳು. ಚಳಿಗೆ ಹಾಗಾಗಿರಬೇಕೆಂದು ಸಮಾಧಾನ ಮಾಡಿಕೊಂಡು, ಅವಳು ನೀರು ಮುಟ್ಟುವ ಮೊದಲೇ ಲವಣಗಳ ಮಿಶ್ರಣವನ್ನು ಸಿರಿಂಜಿನಿಂದ ಬಾಯಿಗೆ ಹಾಕಿದೆ. ತಪ್ಪು ನಡೆದದ್ದು ಅಲ್ಲಿಯೇ. ಕುದುರೆಯ ಬೆವರು ನಮ್ಮ ಬೆವರಿಗಿಂತ ಹೆಚ್ಚು ಉಪ್ಪಾಗಿರುವುದರಿಂದ ನೀರಿನ ಜೊತೆಗೆ ಉಪ್ಪೂ ಹೊರಟುಹೋಗಿ, ರಕ್ತದಲ್ಲಿ ಉಪ್ಪಿನ ಪ್ರಮಾಣ ಏರದೆ, ಮೈಯಲ್ಲಿ ನೀರು ಕಡಿಮೆಯಾಗಿದ್ದರೂ ಕುದುರೆಗೆ ಬಾಯಾರಿಕೆ ತಿಳಿಯದೇ ಇರಬಹುದು. ಲವಣ ಕೊಡುವುದು ಅದಕ್ಕಾಗಿಯೇ. ಆದರೆ ಕುಡಿಯದ ಕುದುರೆಗೆ ಗಟ್ಟಿಯಾದ ಉಪ್ಪನ್ನು ಕೊಟ್ಟರೆ ಅದು ರಕ್ತದಲ್ಲಿರುವ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಇದನ್ನು ನಾನು ಓದಿ ತಿಳಿದಿದ್ದೆ. ಐದು ಗಂಟೆಯ ಚಳಿಯಲ್ಲಿ ನೆನಪಾಗಲಿಲ್ಲ.

6:30ಕ್ಕೆ ಹೊರಟು, ಬಹುಪಾಲು ಕುಕ್ಕುಲೋಟದಲ್ಲಿ ಮೊದಲ 40 ಕಿ.ಮೀ. ಮುಗಿಸಿ 10:50ಕ್ಕೆ ಶಿಬಿರಕ್ಕೆ ಬಂದೆವು. ಹಿಂದಿನ ದಿನ ನಾಲ್ಕು ನಿಮಿಷದಲ್ಲಿ ನಿಮಿಷಕ್ಕೆ 60 ಬಡಿತಕ್ಕೆ ಇಳಿದಿದ್ದ ನಾಡಿ ಈ ದಿನ ಹನ್ನೊಂದು ನಿಮಿಷ ತೆಗೆದುಕೊಂಡಿತು. ಸುಮಾರು 38 ಮೀಟರ್ ದೂರ ಓಡಿಸಿಕೊಂಡು ಹೋಗಿ ಹಿಂದಕ್ಕೆ ಕರೆತಂದು, ಓಟ ಶುರುವಾದ ಒಂದು ನಿಮಿಷಕ್ಕೆ ಮತ್ತೆ ಎಣಿಸಿದಾಗ ಅದು 64 ಆಗಿತ್ತು. ದಣಿಯದ ಕುದುರೆಯಲ್ಲಿ ಎರಡನೆಯ ಎಣಿಕೆ ಮೊದಲನೆಯದಕ್ಕೆ ಸಮನಾಗಿ ಅಥವಾ ಕಡಿಮೆಯಾಗಿ ಬರುತ್ತದೆ. ಏರಿದರೆ ಎಲ್ಲೋ ನೋವೋ ಆಯಾಸವೋ ಇದೆಯೆಂದು ಅರ್ಥ. ಪಶುವೈದ್ಯೆ ಹೊಟ್ಟೆಯ ನಾಲ್ಕೂ ಭಾಗಗಳಿಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಎರಡು ಕಡೆ ಸದ್ದೇ ಇರಲಿಲ್ಲ, ಅಂದರೆ ಅಲ್ಲಿ ಕರುಳಿನ ಚಲನೆ ನಿಂತಂತಾಗಿತ್ತು. ಚೀಟಿಯಲ್ಲಿ ಕರುಳಿನ ಮುಂದೆ ‘ಸಿ’ ಎಂದು ಬರೆದು (‘ಎ’ ಎಂದರೆ ಎಲ್ಲಕ್ಕಿಂತ ಒಳ್ಳೆಯದು), ಹೊರಡುವ ಮೊದಲು ಮತ್ತೊಮ್ಮೆ ತೋರಿಸಬೇಕೆಂದರು.

ಒಂದು ಗಂಟೆಯ ವಿಶ್ರಾಂತಿಯಲ್ಲಿ ಮೊದಲ ಇಪ್ಪತ್ತು ನಿಮಿಷ ಅವಳು ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದಳು. ನಮ್ಮ ಕಡೆಯಾಗಿದ್ದರೆ ಬೇಯಿಸಿದ ಹುರಳಿ ಇಡುತ್ತಿದ್ದರು. ಇಲ್ಲಿನವರು ಸಕ್ಕರೆ ಬೀಟ್‌ನ ಹಿಂಡಿಯನ್ನು ನೀರಿನಲ್ಲಿ ನೆನೆಸಿ, ಗಂಜಿಯಂತೆ ಮಾಡಿ ಇಡುತ್ತಾರೆ. ಅದನ್ನೂ ಅವಳು ಮೂಸಿ ಬಿಟ್ಟಳು. ಪಕ್ಕದ ಟ್ರೈಲರಿನ, ಎಪ್ಪತ್ತು ದಾಟಿದ ಸವಾರೆಯೊಬ್ಬರು ನನ್ನ ಮುಖವನ್ನು ನೋಡಿ, “ಬಕೆಟ್ಟಿನ ಮುಂದೆ ನಿಲ್ಲಿಸಬೇಡಿ, ಹಸಿ ಹುಲ್ಲಿರುವಲ್ಲಿಗೆ ಕರೆದುಕೊಂಡು ಹೋಗಿ” ಎಂದರು. ಹಳ್ಳದ ಅಂಚಿಗೆ ಹೋದದ್ದೇ ತಡ, ಕೇಸರಿ ಮೊದಲು ನೀರಿಗೆ ಮೂತಿಯಿಟ್ಟು, ಆಮೇಲೆ ಹುಲ್ಲು ಕೀಳತೊಡಗಿದಳು. ಮರುಪರೀಕ್ಷೆಯಲ್ಲಿ ನಾಲ್ಕೂ ಕಡೆ ಕ್ಷೀಣವಾಗಿಯಾದರೂ ಸದ್ದು ಕೇಳಿಸಿತು. 12:20ಕ್ಕೆ ಹೊರಡಲು ಅನುಮತಿ ಸಿಕ್ಕಾಗ ನಮ್ಮ ಮುಂದೆ 40 ಕಿ.ಮೀ. ದಾರಿಯೂ ಆರು ಗಂಟೆ ಹತ್ತು ನಿಮಿಷಗಳ ಕಾಲವೂ ಉಳಿದಿದ್ದವು.

ಅಲ್ಲಿಂದ ಗಡಿಯಾರವನ್ನು ಅವಳ ಬಾಯಿಗೆ ಒಪ್ಪಿಸಿದೆ. ಹುಲ್ಲು ಕಂಡಲ್ಲೆಲ್ಲ ನಿಂತೆವು. ಏರುಗಳಲ್ಲಿಯೂ ಕಡಿದಾದ ಇಳುಕಲುಗಳಲ್ಲಿಯೂ ನಾನು ಇಳಿದು ಲಗಾಮು ಹಿಡಿದು ನಡೆದೆ, ಒಟ್ಟು ಒಂಬತ್ತು ಕಿ.ಮೀ. ಹೀಗೆ ನಡೆಯುತ್ತಿದ್ದಾಗಲೇ ಕ್ಯಾಂಪ್ ರಾಕ್ ಎದುರಾಯಿತು. ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೊರಟವರು ಬಂಡಿಯ ಕೀಲೆಣ್ಣೆಯಲ್ಲಿ ಬರೆದ ಹೆಸರುಗಳು ಆ ಬಂಡೆಯ ಮೇಲೆ ಇಂದಿಗೂ ಓದುವಂತಿವೆ. ಬಂಡಿಗಳಲ್ಲಿ ಸಾಮಾನು ತುಂಬಿರುತ್ತಿದ್ದುದರಿಂದಲೂ ಎತ್ತುಗಳ ಮೇಲಿನ ಭಾರ ಇಳಿಸಬೇಕಾದ್ದರಿಂದಲೂ ಅವರಲ್ಲಿ ಬಹುಪಾಲು ಜನ ಈ ದಾರಿಯನ್ನು ಪಕ್ಕದಲ್ಲಿ ನಡೆದೇ ದಾಟಿದರು. ಹಿಂದಿನ ದಿನ ಇಂಥ ಬಂಡೆಗಳ ನಡುವೆ ಹಾದುಹೋದಾಗ ನನ್ನ ಕಣ್ಣೆಲ್ಲ ಮುಂದಿನ ಕುದುರೆಯ ಬಾಲದ ಮೇಲಿತ್ತು. ಈಗ ಕೇಸರಿ ಮೇಯುವಷ್ಟು ಹೊತ್ತು ನಿಂತು ಹೆಸರುಗಳನ್ನು ಓದಿದೆ.

ಕೊನೆಯ ಎಂಟು ಕಿಲೋಮೀಟರನ್ನು ಅವಳು ತಾನಾಗಿಯೇ ಕಿವಿ ನಿಮಿರಿಸಿ ಓಡಿದಳು. 5:52ಕ್ಕೆ, ಅಂದರೆ ಗಡುವಿಗೆ ಮೂವತ್ತೆಂಟು ನಿಮಿಷ ಮೊದಲು ಮುಟ್ಟಿದೆವು. ನಾಡಿ ಐದು ನಿಮಿಷದಲ್ಲಿ 60ಕ್ಕೆ ಇಳಿಯಿತು. ಕರುಳಿಗೆ ‘ಬಿ’, ನಡಿಗೆಗೆ ‘ಎ’. ಜೀನಿನ ಹಿಂಭಾಗ ಒತ್ತಿದಾಗ ಎಡಗಡೆ ಸ್ವಲ್ಪ ಕುಗ್ಗಿದಳು. ಜೀನಿನ ಕೆಳಗಿನ ದಿಂಡನ್ನು ಬದಲಿಸಬೇಕು. ಲವಣವನ್ನು ಇನ್ನು ಮುಂದೆ ಅವಳು ನೀರು ಕುಡಿದ ಮೇಲೆಯೇ, ಅರ್ಧರ್ಧ ಪ್ರಮಾಣದಲ್ಲಿ, ಹಿಂಡಿಯಲ್ಲಿ ಕಲಸಿ ಕೊಡುವುದೆಂದು ಗೊತ್ತುಮಾಡಿಕೊಂಡಿದ್ದೇನೆ.

ಮೂರನೆಯ ದಿನಕ್ಕೆ ಪಶುವೈದ್ಯೆಯ ಅಡ್ಡಿಯೇನೂ ಇರಲಿಲ್ಲ. ಬೇಡವೆಂದು ತೀರ್ಮಾನಿಸಿದವಳು ನಾನು. ಮರುದಿನ 6:30ಕ್ಕೆ ಉಳಿದವರು ಹೊರಟಾಗ ಕೇಸರಿ ಟ್ರೈಲರಿಗೆ ಕಟ್ಟಿದ ಹಗ್ಗವನ್ನು ಜಗ್ಗಿ ಕೆನೆಯುತ್ತಿದ್ದಳು. ನಾನು ಅವಳ ರಾತ್ರಿಯ ಲದ್ದಿಯನ್ನು ಬಾಚುತ್ತಿದ್ದೆ: ಐದು ಗುಡ್ಡೆ, ಎಲ್ಲವೂ ತೇವವಾಗಿದ್ದವು.